ಗೋಡೆಗೆ ನೋವಾಗದಂತೆ ಒಂದು ಗೂಡು

ಮಳೆಗಾಲ ಶುರುವಾಗಿ ಕಾಲೇಜುಗಳ ಬಾಗಿಲು ತೆರೆಯಿತೆಂದರೆ ವಿಜಯಪುರದ ಬಸ್ ನಿಲ್ದಾಣದ ನೋಟವೇ ಬದಲಾಗುತ್ತದೆ. ತಿಕೋಟಾ, ಬಬಲೇಶ್ವರ, ಇಂಡಿ, ಸಿಂದಗಿ ಕಡೆಯ ಬಸ್ಸುಗಳಿಂದ ತಗಡಿನ ಟ್ರಂಕು, ಸುತ್ತಿದ ಹಾಸಿಗೆ, ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ಹಿಡಿದ ಹುಡುಗ ಹುಡುಗಿಯರು ಇಳಿಯುತ್ತಾರೆ. ಅವರೆಲ್ಲ ಹೋಗಿ ಸೇರುವುದು ವಿದ್ಯಾರ್ಥಿನಿಲಯದ ಒಂದು ಕೋಣೆಗೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಆ ಕೋಣೆಯಲ್ಲಿ ಮೂರೋ ನಾಲ್ಕೋ ಮಂಚ ಹಾಕಿದ ಮೇಲೆ ಉಳಿಯುವುದು ಕಾಲಿಡುವಷ್ಟು ಜಾಗ ಮಾತ್ರ. ಪುಸ್ತಕ ಇಡುವುದೆಲ್ಲಿ? ಅಂಗಿ ತೂಗುಹಾಕುವುದೆಲ್ಲಿ? ಇರುವೆ ಮುತ್ತದಂತೆ ರೊಟ್ಟಿ ಗಂಟು ಕಾಯುವುದೆಲ್ಲಿ? ಗೋಡೆಯೇನೋ ಖಾಲಿ ಇದೆ. ಆದರೆ ಹೆಚ್ಚಿನ ವಿದ್ಯಾರ್ಥಿನಿಲಯಗಳಲ್ಲಿ ಸೂಚನಾಫಲಕದ ಮೊದಲ ಸಾಲೇ 'ಗೋಡೆಗೆ ಮೊಳೆ ಹೊಡೆಯಕೂಡದು' ಎಂದಿರುತ್ತದೆ. ಹೊಡೆದರೆ ಠೇವಣಿ ಹಣದಲ್ಲಿ ಕಡಿತ.

ಇದು ಕೇವಲ ಮೇಲ್ವಿಚಾರಕರ ಕಟ್ಟುನಿಟ್ಟಿನ ಮಾತು ಎಂದು ತಳ್ಳಿಹಾಕುವಂತಿಲ್ಲ. ತನ್ನದಲ್ಲದ ಗೋಡೆಯ ನಡುವೆ ತನ್ನದೆನ್ನುವ ಒಂದು ಹಲಗೆಯಷ್ಟು ಜಾಗ ಮಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಭಾಗದಲ್ಲಿ ಸಾವಿರ ವರ್ಷಗಳಿಗೂ ಮೀರಿದ ಹಿನ್ನೆಲೆಯಿದೆ. ಮನೆ ಕಟ್ಟುವ ಕಲೆ, ಕಲಿಯುವ ಮಕ್ಕಳಿಗೆ ಆಸರೆ ಕೊಡುವ ಸಂಪ್ರದಾಯ ಎರಡೂ ಈ ಪ್ರಶ್ನೆಯಲ್ಲಿ ಬಂದು ಕೂಡಿಕೊಳ್ಳುತ್ತವೆ.

ಸಾಲೋಟಗಿಯ 27 ಮನೆಗಳು

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಗ್ರಾಮದಲ್ಲಿ ದೊರೆತ ಕ್ರಿ.ಶ. 945ರ ಶಾಸನ ಈ ದೃಷ್ಟಿಯಿಂದ ಅಮೂಲ್ಯವಾದದ್ದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬುವನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ. ಅಂದು ಈ ಊರಿನ ಹೆಸರು ಪಾವಿಟ್ಟಗೆ. ದೂರ ದೂರದ ನಾಡುಗಳಿಂದ ಇಲ್ಲಿಗೆ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಉಳಿಯುವುದಕ್ಕೆಂದು 27 ಮನೆಗಳಿದ್ದವು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ವಸತಿ ವಿದ್ಯಾಲಯ.

ಶಾಸನದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ವಿದ್ಯಾರ್ಥಿಗಳ ಊಟಕ್ಕೆ ಭೂಮಿ ಬಿಟ್ಟಂತೆಯೇ ದೀಪದ ಖರ್ಚಿಗೆಂದು ಬೇರೆಯಾಗಿ 12 ನಿವರ್ತನ ಭೂಮಿಯನ್ನು ಬಿಡಲಾಗಿತ್ತು. ಊರವರೂ ಕೈಜೋಡಿಸಿದ್ದರು. ಮದುವೆಯಾದಾಗ ಇಷ್ಟು, ಉಪನಯನಕ್ಕೆ ಅದರಲ್ಲಿ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ ಎಂದು ವಂತಿಗೆ ಗೊತ್ತುಪಡಿಸಿಕೊಂಡಿದ್ದರು. ಅಂದರೆ ಕಲಿಯುವ ಹುಡುಗನಿಗೆ ಒಂದು ಸೂರು ಕೊಟ್ಟರೆ ಸಾಲದು, ಆ ಸೂರಿನ ಕೆಳಗೆ ಕುಳಿತು ಓದಲು ಬೇಕಾದ ಸಣ್ಣ ಸಣ್ಣ ಅನುಕೂಲಗಳನ್ನೂ ಮೊದಲೇ ಲೆಕ್ಕ ಹಾಕಿ ಇಡಬೇಕು ಎಂಬ ವಿವೇಕ ಅಂದಿನವರಿಗಿತ್ತು.

ಇಂಥದೇ ಇನ್ನೊಂದು ಸಾಕ್ಷಿ ಬೀದರಿನಲ್ಲಿದೆ. ಬಹಮನಿ ಅರಸರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಮದರಸಾದಲ್ಲಿ ಪಾಠದ ಹಜಾರಗಳು, ಗ್ರಂಥಾಲಯ, ಮಸೀದಿಗಳ ಜೊತೆಗೆ ವಿದ್ಯಾರ್ಥಿಗಳಿಗೆಂದೇ 36 ಕೋಣೆಗಳಿದ್ದವು. ಉಪಾಧ್ಯಾಯರ ವಸತಿ ಬೇರೆ. 1696ರಲ್ಲಿ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಒಂದು ಭಾಗ ಹಾಳಾಯಿತಾದರೂ ಉಳಿದ ಭಾಗವನ್ನು ನೋಡಿದರೆ ಆ ಯೋಜನೆಯ ಅಚ್ಚುಕಟ್ಟು ಇಂದಿಗೂ ತಿಳಿಯುತ್ತದೆ.

ಮೊದಲು ಜಾಗ, ಆಮೇಲೆ ಗೋಡೆ

ನಮ್ಮ ಹಳೆಯ ಮಾಳಿಗೆ ಮನೆಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಕಲ್ಲು ಮಣ್ಣಿನ ಗೋಡೆ ಎರಡೂವರೆ ಅಡಿ, ಕೆಲವೆಡೆ ಮೂರು ಅಡಿ ದಪ್ಪ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚಿಕ್ಕ ಕಲ್ಲು. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ಗೋಡೆ ಇಷ್ಟು ದಪ್ಪಗಿರುವುದು ತಂಪಿಗೂ ಬೇಕು, ಮಾಳಿಗೆಯ ಭಾರ ಹೊರುವುದಕ್ಕೂ ಬೇಕು.

ಆ ದಪ್ಪ ಗೋಡೆಯೇ ಮನೆಯ ಕಪಾಟೂ ಆಗಿತ್ತು. ಗೋಡೆ ಏರುತ್ತಿರುವಾಗಲೇ ಗೌಂಡಿ ಮನೆಯ ಹಿರಿಯರನ್ನು ಕೇಳಿ ಅಲ್ಲಲ್ಲಿ ಮಾಡ ಬಿಡುತ್ತಿದ್ದ. ಮೇಲೊಂದು ಕಲ್ಲಿನ ಚಪ್ಪಡಿಯನ್ನೋ ಕಟ್ಟಿಗೆಯ ತುಂಡನ್ನೋ ಅಡ್ಡ ಕೊಟ್ಟರೆ ಮೇಲಿನ ಭಾರ ಎರಡೂ ಬದಿಗೆ ಹಂಚಿಹೋಗುತ್ತದೆ. ಬಾಗಿಲ ಪಕ್ಕದಲ್ಲಿ ದೀಪದ ಮಾಡ, ಪಡಸಾಲೆಯಲ್ಲಿ ಲೆಕ್ಕದ ಪುಸ್ತಕ, ಎಲೆಯಡಿಕೆಯ ಚಂಚಿ ಇಡುವ ಗೂಡು, ಅಡುಗೆಮನೆಯಲ್ಲಿ ಉಪ್ಪು ಖಾರದ ಗೂಡು. ರುಮಾಲು, ಅಂಗಿ, ಬಾರುಕೋಲು ತೂಗುಹಾಕಲು ಗಿಳಿಗೂಟ. ಗಿಳಿಯ ಆಕಾರದಲ್ಲಿ ಕೆತ್ತಿದ ಈ ಕಟ್ಟಿಗೆಯ ಗೂಟವನ್ನು ಆಮೇಲೆ ಬಡಿದು ಕೂಡಿಸುತ್ತಿರಲಿಲ್ಲ. ಅದರ ಬಾಲದ ತುದಿಯನ್ನು ಗೋಡೆ ಕಟ್ಟುವಾಗಲೇ ಆಳದಲ್ಲಿ ಸೇರಿಸಿ ಮೇಲೆ ಕಲ್ಲು ಹೇರುತ್ತಿದ್ದರು. ಹೀಗಾಗಿ ಎಷ್ಟೇ ತೂಕ ಬಿದ್ದರೂ ಗೋಡೆ ಸೀಳುತ್ತಿರಲಿಲ್ಲ.

ಗೋಡೆಯನ್ನು ಮುಟ್ಟದೆಯೇ ಸಾಮಾನು ಇಡುವ ಇನ್ನೊಂದು ಉಪಾಯವೂ ಇತ್ತು. ಅದು ನೆಲವು. ಜಂತಿಗೆ ಕಟ್ಟಿದ ಹಗ್ಗದ ಜಾಲಿಯೊಳಗೆ ಗಡಿಗೆಯ ಮೇಲೆ ಗಡಿಗೆ ಕೂಡಿಸಿ ಹಾಲು, ಮೊಸರು, ಬೆಣ್ಣೆ, ರೊಟ್ಟಿ ಇಡುತ್ತಿದ್ದರು. ಬೆಕ್ಕಿಗೆ ಎಟುಕದು, ಇಲಿಗೆ ಹತ್ತಲಾಗದು, ಗಾಳಿಯೂ ಆಡುತ್ತದೆ. ನೆಲದ ಮೇಲೆ ಒಂದಂಗುಲ ಜಾಗವನ್ನೂ ಅದು ಕೇಳುವುದಿಲ್ಲ.

ಈ ಎಲ್ಲದರ ಹಿಂದಿನ ತತ್ವ ಒಂದೇ. ಸಾಮಾನಿಗೆ ಮೊದಲು ಜಾಗ ಗೊತ್ತಾಗುತ್ತಿತ್ತು, ಆಮೇಲೆ ಗೋಡೆ ಏಳುತ್ತಿತ್ತು.

ಚಿತ್ರದಲ್ಲೂ ಪುಸ್ತಕದ ಗೂಡು

ಆದಿಲಶಾಹಿ ಕಾಲದ ವಿಜಯಪುರದಲ್ಲಿ ಗೋಡೆಯ ಗೂಡು ಕೇವಲ ಅನುಕೂಲದ ವಸ್ತುವಾಗಿ ಉಳಿಯದೆ ಅಲಂಕಾರವೂ ಆಯಿತು. ನಗರದ ಜಾಮಿ ಮಸೀದಿಯ ಮಿಹ್ರಾಬನ್ನು ನೋಡಿದವರಿಗೆ ಇದು ಗೊತ್ತು. 1636ರಲ್ಲಿ, ಮಹಮ್ಮದ್ ಆದಿಲಶಾಹನ ಆಳ್ವಿಕೆಯಲ್ಲಿ, ಬಂಗಾರದ ಬಣ್ಣವೇ ಎದ್ದು ಕಾಣುವಂತೆ ಇದನ್ನು ಚಿತ್ರಿಸಲಾಯಿತು. ಮಿನಾರು, ಸರಪಳಿ, ಧೂಪದ ಪಾತ್ರೆ, ಹೂದಾನಿಗಳ ನಡುವೆ ಚಿತ್ರಕಾರರು ಪುಸ್ತಕಗಳನ್ನು ಇಟ್ಟ ಗೂಡುಗಳನ್ನೂ ಬರೆದಿದ್ದಾರೆ. ನಿಜವಾದ ಗೂಡಲ್ಲ, ಗೂಡಿನ ಚಿತ್ರ. ಪುಸ್ತಕವೆಂದರೆ ಅದು ಗೂಡಿನಲ್ಲಿ ಇರಬೇಕಾದದ್ದು ಎಂಬ ಭಾವನೆ ಜನರ ಕಣ್ಣಿಗೆ ಎಷ್ಟು ರೂಢಿಯಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಆದಿಲಶಾಹಿ ಅರಸರ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ಅಸರ ಮಹಲಿನಲ್ಲಿದ್ದವು. ಅವುಗಳನ್ನು 1853ರಲ್ಲಿ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. ಗೂಡು ಇಲ್ಲಿಯೇ ಉಳಿಯಿತು, ಪುಸ್ತಕ ಹೋಯಿತು.

ಪರರ ಗೋಡೆಯೊಳಗೆ ಬಂದು ಕೂತವರ ಕಥೆಯೂ ಇದೇ ನಗರದಲ್ಲಿದೆ. 1885ರಲ್ಲಿ ಜಿಲ್ಲಾ ಕೇಂದ್ರವು ಕಲಾದಗಿಯಿಂದ ಇಲ್ಲಿಗೆ ಬಂದಾಗ ಕಚೇರಿಗಳಿಗೆ, ಅಧಿಕಾರಿಗಳ ವಾಸಕ್ಕೆ ಆದಿಲಶಾಹಿ ಕಟ್ಟಡಗಳನ್ನೇ ಬಳಸಿಕೊಳ್ಳಲಾಯಿತು. ಮಸೀದಿಯೊಂದರಲ್ಲಿ ಡಾಕ್ ಬಂಗಲೆಯೇ ನಡೆಯುತ್ತಿತ್ತು. ಮುಂದೆ ವೈಸರಾಯ್ ಲಾರ್ಡ್ ಕರ್ಜನ್ ಅದನ್ನು ತೆರವು ಮಾಡಿಸಿದ. ಇಂದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು ಶಿಕ್ಷಾರ್ಹ ಅಪರಾಧ. ಗೋಡೆಯನ್ನು ಬಳಸುವ ಹಕ್ಕು ಬೇರೆ, ಅದನ್ನು ಕೆಡಿಸುವ ಹಕ್ಕು ಬೇರೆ ಎಂಬ ಪಾಠವನ್ನು ಈ ನಗರ ಹೀಗೆ ದೊಡ್ಡ ಪ್ರಮಾಣದಲ್ಲಿಯೇ ಕಲಿತಿದೆ.

ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದು ಓದುವುದೆಂದರೆ ದಿನಕ್ಕೊಂದು ಮನೆಯಲ್ಲಿ ಉಂಡು, ಯಾರದೋ ಪಡಸಾಲೆಯಲ್ಲಿ ಮಲಗುವುದೆಂದೇ ಅರ್ಥ. ಆತನ ಆಸ್ತಿಯೆಲ್ಲ ಒಂದು ಚೀಲದಲ್ಲಿ. ಮಠಗಳ ಪ್ರಸಾದನಿಲಯಗಳು, ನಾನಾ ಸಮುದಾಯಗಳ ಉಚಿತ ವಸತಿಗೃಹಗಳು ಬಂದ ಮೇಲೆ ಚಿತ್ರ ಬದಲಾಯಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗ ಉನ್ನತ ಶಿಕ್ಷಣಕ್ಕೆಂದು ವಿಜಾಪುರ ಸೀಮೆಯ ಹುಡುಗರು ಟ್ರಂಕು ಹೊತ್ತು ಅಲ್ಲಿಗೆ ಹೋದರು.

ವಿಜಯಪುರದಲ್ಲಿಯೇ ಶಿಕ್ಷಣದ ಬೀಜ ಬಿತ್ತಿದವರಲ್ಲಿ ವಕೀಲರಾದ ಡಾ. ಫ.ಗು. ಹಳಕಟ್ಟಿಯವರು ಪ್ರಮುಖರು. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಕಾರಣರಾದ ಅವರು ಊರೂರು ಅಲೆದು ತಾಡೋಲೆಯ ಕಟ್ಟುಗಳನ್ನು ಕೂಡಿಹಾಕಿದರು. 1923ರಲ್ಲಿ 'ವಚನಶಾಸ್ತ್ರ ಸಾರ' ಹೊರಬಂತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ 'ಶಿವಾನುಭವ' ಪತ್ರಿಕೆ. ಬರೆದಿಟ್ಟವರು ಎಷ್ಟು ಮುಖ್ಯವೋ ಅದನ್ನು ಹೊಗೆ, ತೇವ, ಗೆದ್ದಲುಗಳಿಂದ ಕಾಪಾಡಿ ಇಟ್ಟವರೂ ಅಷ್ಟೇ ಮುಖ್ಯ. ಪುಸ್ತಕಕ್ಕೊಂದು ಸುರಕ್ಷಿತ ಜಾಗ ಎಂಬುದು ಸಣ್ಣ ಮಾತಲ್ಲ.

1980ರಲ್ಲಿ ಎಂಜಿನಿಯರಿಂಗ್ ಕಾಲೇಜು, 1984ರಲ್ಲಿ ಅಲ್ ಅಮೀನ್ ವೈದ್ಯಕೀಯ ಕಾಲೇಜು, 1986ರಲ್ಲಿ ಬಿ.ಎಲ್.ಡಿ.ಇ. ವೈದ್ಯಕೀಯ ಕಾಲೇಜು, 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂದವು. 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ಈ ವಿಶ್ವವಿದ್ಯಾಲಯದ ಆವರಣವಿರುವುದು ತಿಕೋಟಾ ಕಡೆಗೆ ಹೋಗುವ ದಾರಿಯ ತೊರವಿಯಲ್ಲಿ. ಎಲ್.ಜಿ. ಹಾವನೂರ ಆಯೋಗ 1975ರಲ್ಲಿ ವರದಿ ಕೊಟ್ಟ ಮೇಲೆ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಮಕ್ಕಳಿಗೆ ಶಿಕ್ಷಣದ ದಾರಿ ಇನ್ನಷ್ಟು ಅಗಲವಾಯಿತು. 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ತಿಕೋಟಾ ಮತ್ತು ಬಬಲೇಶ್ವರವೂ ಸೇರಿವೆ. ಹೀಗೆ ವಿದ್ಯಾರ್ಥಿಗಳ ಸಂಖ್ಯೆ ಬೆಳೆದಂತೆ ಕೋಣೆಗಳೂ ಬೆಳೆದವು. ಆದರೆ ಗೋಡೆ ಮಾತ್ರ ತೆಳ್ಳಗಾಯಿತು.

ಮೊಳೆ ಏಕೆ ಬೇಡ?

ಇಂದಿನ ಕಟ್ಟಡದ ಭಾರವನ್ನು ಹೊರುವುದು ಸಿಮೆಂಟಿನ ಕಂಬ ಮತ್ತು ತೊಲೆ. ಗೋಡೆ ಬರೀ ಮರೆ. ಒಂಬತ್ತು ಅಂಗುಲ ಇದ್ದರೆ ಹೆಚ್ಚು, ಕೋಣೆಗಳ ನಡುವಿನದು ನಾಲ್ಕೂವರೆ ಅಂಗುಲ. ಅದರಲ್ಲಿ ಮಾಡ ಕೊರೆದರೆ ಪಕ್ಕದ ಕೋಣೆಯವರ ಮುಖ ಕಂಡೀತು! ಇಟ್ಟಿಗೆಯ ಮೇಲಿನ ಗಿಲಾಯಿ ಅರ್ಧ ಅಂಗುಲದಷ್ಟು. ಮೊಳೆಗೆ ಸುತ್ತಿಗೆಯ ಪೆಟ್ಟು ಬಿದ್ದಾಗ ಮೊದಲು ಬಿಡುವುದು ಈ ಗಿಲಾಯಿ. ಮೇಲೆ ಕಾಣುವುದು ಸಣ್ಣ ತೂತು, ಒಳಗೆ ಅಂಗೈ ಅಗಲ ಟೊಳ್ಳು. ಪೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯಾದರಂತೂ ಮೊಳೆಗೆ ಹಿಡಿತವೇ ಇಲ್ಲ. ಹೊರಗೋಡೆಯ ಬಿರುಕಿಗೆ ಮಳೆನೀರಿನ ತೇವ ಸೇರಿದರೆ ಸುಣ್ಣ ಉದುರಲು ತಡವಾಗುವುದಿಲ್ಲ. ಗೋಡೆಯೊಳಗೆ ಹುದುಗಿದ ವಿದ್ಯುತ್ ತಂತಿಗೆ ಮೊಳೆ ತಗುಲಿದರೆ ಪ್ರಾಣಕ್ಕೇ ಅಪಾಯ.

ಲೆಕ್ಕವನ್ನೂ ನೋಡಿ. ನಾಲ್ಕು ಜನರ ಕೋಣೆಯಲ್ಲಿ ಒಬ್ಬೊಬ್ಬರೂ ವರ್ಷಕ್ಕೆ ಎರಡೇ ಮೊಳೆ ಹೊಡೆದರೂ ಹತ್ತು ವರ್ಷಕ್ಕೆ 80 ತೂತು. ಪ್ರತಿ ವರ್ಷ ಹೊಸಬರು ಬರುತ್ತಾರೆ, ಹಳೆಯ ತೂತು ಅವರಿಗೆ ಒಗ್ಗುವುದಿಲ್ಲ. ಮೇಲ್ವಿಚಾರಕರ ಕಟ್ಟುನಿಟ್ಟಿಗೆ ಕಾರಣ ಇಲ್ಲಿದೆ.

ಹಾಗೆಂದು ಮೊಳೆ ಹೊಡೆಯುವ ಹುಡುಗನನ್ನು ಬೈದರೆ ನ್ಯಾಯವಾಗುವುದಿಲ್ಲ. ಮಾಡವನ್ನೂ ಗಿಳಿಗೂಟವನ್ನೂ ಗೋಡೆಯಿಂದ ಕಿತ್ತುಕೊಂಡವರು ಕಟ್ಟಡದ ನಕ್ಷೆ ಹಾಕಿದವರು. ಸಾಮಾನು ಇಡುವ ಹೊಣೆ ಮಾತ್ರ ವಾಸಿಸುವವನ ಹೆಗಲಿಗೆ ಬಿತ್ತು.

ತನ್ನ ಕಾಲ ಮೇಲೆ ನಿಲ್ಲುವ ಹಲಗೆ

ಇದಕ್ಕೆ ಉತ್ತರವೆಂದರೆ ಗೋಡೆಯ ಹಂಗಿಲ್ಲದ ಹಲಗೆ. ಅದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳ ಪಕ್ಕದಲ್ಲಿರುವ ಒಣದ್ರಾಕ್ಷಿಯ ಶೆಡ್ಡುಗಳನ್ನು ನೋಡಿದರೆ ಸಾಕು. ಕಬ್ಬಿಣದ ಕಂಬಗಳ ನಡುವೆ ಒಂದರ ಮೇಲೊಂದು ಬಲೆಯ ಅಂತಸ್ತು, ಸುತ್ತಲೂ ಗಾಳಿಯಾಡಲು ಬಯಲು. ಔಷಧದ ದ್ರಾವಣದಲ್ಲಿ ಅದ್ದಿ ತೆಗೆದ ಹಸಿ ದ್ರಾಕ್ಷಿ ಈ ನೆರಳಿನಲ್ಲಿ ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಟನ್ನುಗಟ್ಟಲೆ ಭಾರವನ್ನು ಇಲ್ಲಿ ಗೋಡೆ ಹೊರುವುದಿಲ್ಲ, ಚೌಕಟ್ಟಿನ ಕಾಲುಗಳು ಹೊರುತ್ತವೆ. ವಿದ್ಯಾರ್ಥಿಯ ಮನೆಯವರು ಹೊಲದಲ್ಲಿ ಮಾಡಿದ್ದನ್ನೇ ವಿದ್ಯಾರ್ಥಿ ಕೋಣೆಯಲ್ಲಿ ಮಾಡಬೇಕಾಗಿದೆ.

ಕಚೇರಿ, ಕಿರಾಣಿ ಅಂಗಡಿಗಳಲ್ಲಿ ನಾವು ಕಾಣುವ ತೂತಿನ ಕಬ್ಬಿಣಪಟ್ಟಿಯ ರ‍್ಯಾಕಿಗೂ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧ ಮುಗಿದ ಬಳಿಕ, 1947ರ ಸುಮಾರಿಗೆ, ಲಂಡನ್ನಿನಲ್ಲಿದ್ದ ಡಿಮಿಟ್ರಿಯಸ್ ಕಾಮಿನೊ ಎಂಬ ಎಂಜಿನಿಯರು ಉದ್ದಕ್ಕೂ ತೂತುಗಳಿರುವ, ನಟ್ಟು ಬೋಲ್ಟಿನಿಂದ ಬೇಕಾದ ಎತ್ತರಕ್ಕೆ ಜೋಡಿಸಬಹುದಾದ ಕಬ್ಬಿಣದ ಪಟ್ಟಿಯನ್ನು 'ಡೆಕ್ಸಿಯಾನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಬಿಚ್ಚಿದರೆ ಒಂದು ಹೊರೆ, ಕೂಡಿಸಿದರೆ ಕಪಾಟು. ಪರೀಕ್ಷೆ ಮುಗಿಸಿ ಊರಿಗೆ ಹೊರಟಾಗ ಬಸ್ಸಿನ ಮೇಲೆ ಹಾಕಿ ಒಯ್ಯಬಹುದು.

ಅಷ್ಟು ಹಣವಿಲ್ಲದವರಿಗೆ ಇಟ್ಟಿಗೆ ಮತ್ತು ಹಲಗೆ ಇದ್ದೇ ಇವೆ. ನೆಲ ಕೆರೆಯದಂತೆ ಗೋಣಿಚೀಲದ ತುಂಡು ಹಾಸಿ, ಎರಡೂ ಕಡೆ ನಾಲ್ಕು ನಾಲ್ಕು ಇಟ್ಟಿಗೆ ಒಟ್ಟಿ, ಮೇಲೆ ಹಲಗೆ ಇಟ್ಟರೆ ಪುಸ್ತಕದ ಗೂಡು ಸಿದ್ಧ. ಎರಡು ಅಂತಸ್ತಿಗಿಂತ ಮೇಲೆ ಹೋಗಬಾರದು, ಭಾರವಾದ ಪುಸ್ತಕ ಕೆಳಗಿರಬೇಕು. ಹಲಗೆಯ ಉದ್ದದ ಬಗ್ಗೆ ಒಂದು ಎಚ್ಚರ. ಉದ್ದಕ್ಕೂ ಪುಸ್ತಕ ತುಂಬಿದಾಗ ಆಸರೆಗಳ ನಡುವಿನ ಅಂತರ ದುಪ್ಪಟ್ಟಾದರೆ ನಡುವಿನ ಬಾಗು ದುಪ್ಪಟ್ಟಲ್ಲ, ಹದಿನಾರು ಪಟ್ಟಾಗುತ್ತದೆ. ಹೀಗಾಗಿ ಎರಡೂವರೆ ಮೂರು ಅಡಿಗೊಂದು ಆಸರೆ ಬೇಕೇ ಬೇಕು. ಮಾಳಿಗೆ ಮನೆಯಲ್ಲಿ ಜಂತಿಗಳನ್ನು ಒತ್ತೊತ್ತಾಗಿ ಕೂಡಿಸುತ್ತಿದ್ದ ಬಡಿಗನಿಗೆ ಈ ಲೆಕ್ಕ ಪುಸ್ತಕದಿಂದ ಬಂದದ್ದಲ್ಲ, ಕೈಯಿಂದ ಬಂದದ್ದು.

ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರೆ ಕೆಳಗೆ ಎರಡು ಟ್ರಂಕಿಗೆ ಜಾಗ. ನಾಲ್ಕೂ ಕಾಲು ಸಮನಾಗಿ ಕೂತಿವೆಯೇ ಎಂದು ನೋಡಿಕೊಳ್ಳಬೇಕು. ಕಿಟಕಿಯ ಸರಳಿಗೋ ಮಂಚದ ಚೌಕಟ್ಟಿಗೋ ಹಗ್ಗದ ಜಾಲಿ ಕಟ್ಟಿದರೆ ಅದೇ ಇಂದಿನ ನೆಲವು. ರೊಟ್ಟಿ ಗಂಟಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಫ್ಯಾನಿನ ಕೊಕ್ಕೆಗೆ ಮಾತ್ರ ಏನನ್ನೂ ಕಟ್ಟಬಾರದು. ಬಾಗಿಲಿನ ನೆತ್ತಿಗೆ ಸಿಕ್ಕಿಸುವ ಕೊಕ್ಕೆಗಳು ಅಂಗಿಗಳಿಗೆ ಸಾಕು.

ಅಂಟಿಸುವ ಕೊಕ್ಕೆಗಳ ಬಗ್ಗೆ ಒಂದು ಮಾತು. 1990ರ ದಶಕದಲ್ಲಿ ಅಮೆರಿಕದ 3ಎಂ ಕಂಪನಿ ಎಳೆದರೆ ಕಲೆಯಿಲ್ಲದೆ ಬಿಟ್ಟುಬರುವ ಅಂಟುಪಟ್ಟಿಗಳನ್ನು ಹೊರತಂದಿತು. ಇಂದು ಇಂಥವು ನಮ್ಮ ಅಂಗಡಿಗಳಲ್ಲೂ ಸಿಗುತ್ತವೆ. ಆದರೆ ಅಂಟು ಹಿಡಿಯುವುದು ಗೋಡೆಯನ್ನಲ್ಲ, ಗೋಡೆಯ ಮೇಲ್ಪದರವನ್ನು. ಸುಣ್ಣ ಬಳಿದ ಗೋಡೆಗೆ ಅಂಗೈ ಒರೆಸಿದರೆ ಬೆಳ್ಳಗಾಗುತ್ತದಲ್ಲವೆ? ಆ ಪುಡಿಗೆ ಅಂಟು ಹತ್ತಿಕೊಂಡು ರಾತ್ರಿ ಬೆಳಗಾಗುವುದರೊಳಗೆ ಕೊಕ್ಕೆ ನೆಲದ ಮೇಲಿರುತ್ತದೆ. ಎಣ್ಣೆಬಣ್ಣದ ಗೋಡೆ, ಟೈಲ್ಸ್, ತಗಡಿನ ಕಪಾಟಿನ ಬದಿ ಇವುಗಳಿಗೆ ಅದು ಸರಿ. ಅಲ್ಲಿಯೂ ತೂಗುಹಾಕಬೇಕಾದದ್ದು ಟವೆಲ್ಲು, ಬೀಗದ ಕೈ, ಸಣ್ಣ ಚೀಲ. ಸಾಲಾಗಿ ನಿಲ್ಲಿಸಿದ ದಪ್ಪ ಪಠ್ಯಪುಸ್ತಕಗಳು ಒಂದು ಅಡಿ ಉದ್ದಕ್ಕೇ ಹಲವು ಕಿಲೋ ತೂಗುತ್ತವೆ. ಆ ಭಾರ ನೆಲಕ್ಕೇ ಇಳಿಯಬೇಕು.

ಕಟ್ಟುವವರಿಗೆ ಒಂದು ಮಾತು

ಇವೆಲ್ಲ ವಿದ್ಯಾರ್ಥಿ ಮಾಡಿಕೊಳ್ಳಬಹುದಾದ ಉಪಾಯಗಳು. ಆದರೆ ಪ್ರತಿ ವರ್ಷ ಪ್ರತಿ ಕೋಣೆಯಲ್ಲಿ ಪ್ರತಿಯೊಬ್ಬನೂ ಇದನ್ನೇ ಹೊಸದಾಗಿ ಯೋಚಿಸಬೇಕಾಗಿ ಬರುವುದು ಕಟ್ಟಡದ ಕೊರತೆಯೇ ಹೊರತು ವಿದ್ಯಾರ್ಥಿಯದಲ್ಲ. ಗೋಡೆ ಏರುವಾಗಲೇ ಮಂಚಕ್ಕೊಂದರಂತೆ ಕಡಪಾ ಕಲ್ಲನ್ನೋ ಶಹಾಬಾದ್ ಕಲ್ಲನ್ನೋ ಇಟ್ಟಿಗೆಯ ನಡುವೆ ಹಿಡಿಸಿ ಹೊರಚಾಚಿ ಬಿಟ್ಟರೆ, ಬಾಗಿಲ ಪಕ್ಕ ಒಂದು ಕಟ್ಟಿಗೆಯ ಪಟ್ಟಿ ಕೂಡಿಸಿ ನಾಲ್ಕು ಗೂಟ ಹಚ್ಚಿದರೆ, ಮೊಳೆಯ ಜಗಳವೇ ಇರುವುದಿಲ್ಲ. ಎಷ್ಟೋ ಸಾಮಾನ್ಯ ಮನೆಗಳ ಅಡುಗೆಕೋಣೆಯಲ್ಲಿ ಇಂಥ ಕಲ್ಲಿನ ಹಲಗೆಗಳು ಇಂದಿಗೂ ಇವೆ. ವಿದ್ಯಾರ್ಥಿನಿಲಯದ ನಕ್ಷೆಗೆ ಅವು ಬರಲಾರವೇ?

ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ಒಂದು ಹಲಗೆ ಎಂದರೆ ಬರೀ ಹಲಗೆಯಲ್ಲ. ಪುಸ್ತಕ ಮಡಿಚಿ ಟ್ರಂಕಿಗೆ ಹಾಕುವುದಕ್ಕೂ ಕೈಗೆ ಸಿಗುವಂತೆ ಕಣ್ಣ ಮುಂದೆ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ. ಟ್ರಂಕಿನಲ್ಲಿ ಇಟ್ಟವಳು ಹೊರಡಲು ಸಿದ್ಧವಾಗಿ ಕೂತವಳು, ಹಲಗೆಯ ಮೇಲೆ ಇಟ್ಟವಳು ಓದಲು ನೆಲೆನಿಂತವಳು. ಸಾವಿರ ವರ್ಷದ ಹಿಂದೆ ಇದೇ ಜಿಲ್ಲೆಯಲ್ಲಿ ವಿದ್ಯಾರ್ಥಿಯ ದೀಪಕ್ಕೆಂದು ಬೇರೆಯಾಗಿ ಭೂಮಿ ಬಿಟ್ಟವರು ಈ ವ್ಯತ್ಯಾಸವನ್ನು ಅರಿತಿದ್ದರು. ಹೊಸ ತಾಲ್ಲೂಕು ಕೇಂದ್ರಗಳಲ್ಲಿ ಹೊಸ ವಿದ್ಯಾರ್ಥಿನಿಲಯಗಳಿಗೆ ಅಡಿಗಲ್ಲು ಇಡುವವರು, ಗೋಡೆ ಎಬ್ಬಿಸುವ ಮೊದಲು, ಪುಸ್ತಕ ಎಲ್ಲಿಡಬೇಕೆಂದು ಒಮ್ಮೆ ಕೇಳಿಕೊಂಡರೆ ಸಾಕು.